ಸದ್ದು ಮಾಡುತ್ತಿರು

ಕೊಯ್ಲಿಗೆ ಇನ್ನೂ ಎಂಟು ದಿನ.
ಕುಡಿಯಲೆಂದೇ ಬಂದಿದ್ದೆವು ನಾವು ನಾಲ್ವರು, ಎರಡು ರಾತ್ರಿಯ ಮಟ್ಟಿಗೆ,
ತ್ಬಿಲಿಸಿಯಿಂದ ಕಾಖೇತಿಗೆ,
ಮೊಣಕಾಲಿಗೆ ಮೊಣಕಾಲು ತಾಗುವ ವ್ಯಾನಿನಲ್ಲಿ,
ದೋದೋ ಕಟ್ಟಿ ತಂದ ಬದನೆಕಾಯಿಯ ಡಬ್ಬಿ
ಮಡಿಲಿಂದ ಮಡಿಲಿಗೆ ಎಣ್ಣೆ ಸೋರುತ್ತ.

ದೋದೋಳ ಮೈದುನ ಅಂಬ್ರೋಸಿ
ಸೊಂಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ.
"ತೊಳೆಯುವ ಆಳು ಮದುವೆಗೆ ಹೋದ, ನನಗೆ ಬಗ್ಗಲಾಗದು.
ಬಂದಿರಲ್ಲ, ದೇವರೇ ಕಳಿಸಿದ ಹಾಗೆ."

ತೊಳೆಯಬೇಕಾದದ್ದು ಕ್ವೆವ್ರಿ:
ಹಗೇವಿನ ಹಾಗೆ ನೆಲದೊಳಗೆ ಹೂತ ಮಣ್ಣಿನ ವಾಡೆ,
ಆಳುದ್ದಕ್ಕಿಂತ ಆಳ.
ಮೇಲೆ ಕಾಣುವುದು ಬಾಯಿ ಮಾತ್ರ,
ಏನೋ ಹೇಳಲು ತೆರೆದು
ಬೇಡವೆಂದು ಹಾಗೇ ಬಿಟ್ಟ ಬಾಯಿ.
ಅದರಲ್ಲಿ ಹಿಡಿಸುವ ಸೊಂಟ
ತ್ಸಿಯಾಲಾಳಿಗೆ ಬಿಟ್ಟರೆ ನಮ್ಮಲ್ಲಿ ಯಾರಿಗೂ ಇಲ್ಲ.
ಮಕ್ವಾಲಾ ತನ್ನ ಸೊಂಟವನ್ನೊಮ್ಮೆ, ಆ ಬಾಯನ್ನೊಮ್ಮೆ ನೋಡಿ
ಸೌತೆಕಾಯಿ ಹೆಚ್ಚಲು ಹೊರಟಳು.

ಮೂವತ್ತೊಂದು ವರ್ಷ ಮೆಟ್ರೋದ ಎಸ್ಕಲೇಟರ್ ಬುಡದಲ್ಲಿ
ಗಾಜಿನ ಗೂಡಿನೊಳಗೆ ಕೂತು
ಬಲಕ್ಕೆ ನಿಲ್ಲಿ, ಮಗುವಿನ ಕೈ ಬಿಡಬೇಡಿ, ಎಂದು
ಇಡೀ ಊರಿಗೆ ಮೈಕಿನಲ್ಲಿ ಹೇಳಿದವಳು ತ್ಸಿಯಾಲಾ.
ಈಚೆಗೆ ಅವಳಿಗೆ ಬಿಗುಮಾನ.
ಕರೆದರೆ ತಿರುಗುವುದಿಲ್ಲ.
ನಗುವುದೂ ಎಲ್ಲರ ನಗು ಮುಗಿದ ಮೇಲೆ.
ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಇವಳು, ಎಂದು
ದೋದೋಳ ಹತ್ತಿರ ಆಡಿಕೊಂಡಿದ್ದೆ ನಾನೇ, ಎರಡು ಸಲ.

ಏಣಿ ಇಳಿಬಿಟ್ಟೆವು. ಕೈಗೆ ಚೆರ್ರಿ ತೊಗಟೆಯ ಕುಂಚ, ಒಂದು ಬಕೆಟ್.
"ಒಳಗೆ ಸುಮ್ಮನಿರಬಾರದು," ಎಂದ ಅಂಬ್ರೋಸಿ,
"ಸದ್ದು ಮಾಡುತ್ತಿರು. ಹಾಡೋ, ಬೈಗುಳವೋ, ನಿನ್ನಿಷ್ಟ.
ಸದ್ದು ನಿಂತರೆ ಉಸಿರು ನಿಂತಿತೆಂದು ಎಳೆದುಬಿಡುತ್ತೇವೆ."

ಮೊದಲು ಹಾಡಿದಳು.
ತನಗೆ ಹಾಡು ಬರುವುದಿಲ್ಲ ಎನ್ನುವುದು
ಎರಡನೇ ಚರಣಕ್ಕೆ ಅವಳಿಗೂ ತಿಳಿಯಿತು.
ಆಮೇಲೆ ಬೈಗುಳ: ಅಂಬ್ರೋಸಿಯ ಸೊಂಟಕ್ಕೆ,
ಆಳು ಹೋದ ಮದುವೆಗೆ, ಹೋದ ವರ್ಷದ ಗಸಿಗೆ.
ಆಮೇಲೆ ಕುಂಚದ ಗರಗರದ ನಡುವೆ
ಆ ಹಳೆಯ ಮೈಕಿನ ದನಿ:
ಅವ್ಲಬಾರಿ. ಇಸಾನಿ. ಸಮ್ಗೋರಿ.
ವರ್ಕೆತಿಲಿ, ಕೊನೆಯ ನಿಲ್ದಾಣ, ಎಲ್ಲರೂ ಇಳಿಯಿರಿ.

ಕುಂಚ ನಿಂತಿತು.

ಬಾಯಂಚಿಗೆ ಓಡಿ ಬಿದ್ದೆ, ಮೊಣಕಾಲು ತರಚಿತು.
"ತ್ಸಿಯಾಲಾ!"
ನನ್ನ ಕೂಗು ಒಳಗಿಳಿದು ಒಂದು ಸುತ್ತು ಹೊಡೆದು
ನನಗೇ ವಾಪಸ್ಸು ಬಂತು.
ಆಮೇಲೆ ತಳದಿಂದ, ನಿಧಾನವಾಗಿ:
"ಕೂಗಬೇಡ. ಇಲ್ಲಿ ಎರಡೂ ಕಿವಿಗೆ ಕೇಳಿಸುತ್ತೆ."

ಮತ್ತೆ ಕುಂಚ, ಗರಗರ.
"ಬಲಗಿವಿ ಹೋಗಿ ಎರಡು ವರ್ಷ ಆಯಿತು, ಲಾಮಾರಾ.
ನೀವು ಯಾವಾಗಲೂ ಆ ಕಡೆಗೇ ಕೂರುತ್ತೀರಿ."

ಸಿಪ್ಪೆ, ಬೀಜ, ತೊಟ್ಟು ಸಮೇತ
ಎಷ್ಟು ಕೊಯ್ಲುಗಳನ್ನು ನುಂಗಿ ಕೂತ ಮಣ್ಣೋ ಅದು.
ಅದರ ಅಂಚಿಗೆ ಮುಖವಿಟ್ಟು ಹೇಳಿದೆ,
"ಹೊಟ್ಟೆಗೆ ಹಾಕಿಕೋ, ಮಾರಾಯ್ತಿ."
"ಮೊದಲು ನೀರು ಬಿಡು," ಎಂದಿತು ಹೊಟ್ಟೆ.

ರಾತ್ರಿ ಅಕ್ರೋಟ್ ಮರದ ಕೆಳಗೆ ಮೇಜು.
ಯಾರೂ ಏನೂ ಹೇಳಲಿಲ್ಲ. ಕುರ್ಚಿಗಳು ಮಾತ್ರ ಜಾಗ ಬದಲಿಸಿದವು;
ತ್ಸಿಯಾಲಾಳ ಬಲಕ್ಕೆ ಈಗ ಬರೀ ಗೋಡೆ.
ಬಳ್ಳಿಗೆಂದು, ಬಂದವರಿಗೆಂದು, ಹೋದವರಿಗೆಂದು
ಅಂಬ್ರೋಸಿ ಲೋಟ ಎತ್ತುತ್ತಲೇ ಇದ್ದ, ಸೊಂಟದ ನೋವು ಮರೆತು.
ದೋದೋ ಪ್ರತಿ ಸಲವೂ ಮೇಜು ಸುತ್ತಿ ಬಂದು
ಎಡಗಡೆಯಿಂದಲೇ ಲೋಟ ತಾಗಿಸಿದಳು.
ಅವನೊಂದು ಜೋಕು ಹೇಳಿದಾಗ
ತ್ಸಿಯಾಲಾ ಎಲ್ಲರಿಗಿಂತ ಮೊದಲು ನಕ್ಕಳು.
ಜೋಕು ಇನ್ನೂ ಮುಗಿದಿರಲಿಲ್ಲ.

ಹಿಂತಿರುಗುವಾಗ ಬಲಗಿಟಕಿ ಅವಳಿಗೆ, ಪಕ್ಕ ನಾನು.
ಗೊಂಬೋರಿ ಘಾಟಿಯ ತಿರುವುಗಳಲ್ಲಿ ಜೋಂಪು ಹತ್ತಿ
ಒಳ್ಳೆಯ ಕಿವಿಯನ್ನು ನನ್ನ ಭುಜಕ್ಕೆ ಒತ್ತಿ ಮಲಗಿದಳು,
ಉಗುರ ಸಂದಿಯಲ್ಲಿ ಇನ್ನೂ ವಾಡೆಯ ಮಣ್ಣು.
ಈಗ ಯಾರು ಏನೆಂದರೂ ಅವಳಿಗೆ ಕೇಳಿಸದು.
ಆಗ ಹೇಳಿದೆ:
ಎರಡಲ್ಲ, ಮೂರು ಸಲ.