ನೆಲ ಅಲುಗದು ಎಂದುಕೊಂಡು

ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ
ತೌಡು ಊದುವ ಮೋಟರಿನ ಬ್ರಾಕೆಟ್ಟು ಮತ್ತೆ ಸೀಳಿದೆ.
ಮೂರು ಸಲವೂ ಒಂದೇ ಜಾಗ, ಎಡಗಡೆ ಬೋಲ್ಟಿನ ಕೆಳಗೆ.
ಕೂದಲೆಳೆಯಷ್ಟು ಶುರುವಾಗಿ
ಅಮಾಸೆಯೊಳಗೆ ಉಗುರು ತೂರುವಷ್ಟು.

ಬೆಸುಗೆಯ ಖಾಜಾಹುಸೇನ ಕನ್ನಡಕ ಮೇಲೇರಿಸಿ ಅಂದ:
"ಆನಿ ನಿಂತ್ರೂ ಮಣಿಯಂಗಿಲ್ರಿ ಮೇಡಂ, ಅಷ್ಟು ದಪ್ಪ ತಗಡು.
ಆದ್ರ ಇದು ಆನಿ ಅಲ್ಲ, ನೊಣ.
ಹಗಲೂ ರಾತ್ರಿ ಅದಽ ಕಿವ್ಯಾಗ ಗುಂಯ್ ಅಂತೈತಿ."

ಸಂಜೆ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ
ಅದನ್ನು ಪರದೆಯ ಮೇಲೆ ಕಟ್ಟಿದೆ. ತಗಡು, ಬಾಗು, ತೂತು.
ಮೇಲೆ ಜಾಳಿಗೆ ಹೊದಿಸಿದೆ,
ತೂತಿನ ಸುತ್ತ ಕಣ್ಣು ಸಣ್ಣಗೆ,
ಅವ್ವ ಕೌದಿಯ ಅಂಚಿಗೆ ಬಂದಾಗ
ಹೊಲಿಗೆ ಒತ್ತೊತ್ತು ಹಾಕುವ ಹಾಗೆ.
ಕೊನೆಗೆ ಅಡಿಯ ನೆಲಕ್ಕೆ ಒಂದು ಗುರುತು ಒತ್ತಿದೆ: ಸ್ಥಿರ.

ಮೋಟರು ಸೆಕೆಂಡಿಗೆ ಇಪ್ಪತ್ತನಾಲ್ಕು ಸುತ್ತು.
ಬ್ರಾಕೆಟ್ಟಿನ ಹುಟ್ಟುನಡುಕ ನಲವತ್ತೊಂದು ಎಂದಿತು ಲೆಕ್ಕ.
ದೂರದ ನೆಂಟರು, ಒಬ್ಬರ ಮಾತು ಒಬ್ಬರಿಗೆ ಮುಟ್ಟದು.
ಪರದೆ ತುಂಬ ತಣ್ಣನೆಯ ನೀಲಿ.
ಅದರ ಪಕ್ಕದಲ್ಲೇ, ಮೇಜಿನ ಮೇಲೆ, ಸೀಳಿದ ತಗಡು.

ಮರುದಿನ ತೌಡು ಗುಡಿಸುವ ಹುಲಿಗೆಮ್ಮ
ನನ್ನ ಕಾಲು ನೋಡಿದಳು.
"ಚಪ್ಪಲಿ ಬಿಟ್ಟು ನಿಂದರ್ರಿ."
ನಿಂತೆ.
ಅಂಗಾಲಿನಿಂದ ಮೊಣಕಾಲಿಗೆ ಏನೋ ಹತ್ತಿ ಬಂತು.
"ಉಣ್ಣಾಕ ಕುಂತ್ರ ಗಂಗಾಳದಾಗ ಸಾರು ತೆರಿ ಹೊಡೀತೈತ್ರಿ," ಅಂದಳು,
ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೇ.

ಸಿಮೆಂಟಿನ ಕೆಳಗೆ ಎರೆ.
ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿದು
ಕಾಲುವೆಗೆ ನೀರು ಬಿಟ್ಟಾಗ ಉಬ್ಬುವ ನೆಲ.
ಅದಕ್ಕೆ ನಾನು ಸ್ಥಿರ ಎಂದು ಬರೆದಿದ್ದೆ!

ಗುರುತು ಅಳಿಸಿ, ನೆಲದ ಜಾಗದಲ್ಲಿ ಸ್ಪ್ರಿಂಗು ಇಟ್ಟೆ.
ಎರೆಯ ಬಿಗುವು ಎಷ್ಟೆಂದು ಯಾವ ಪುಸ್ತಕವೂ ಹೇಳಲಿಲ್ಲ,
ಊಹೆಯ ಮೇಲೆ ಊಹೆ.
ನಲವತ್ತೊಂದು ಇಳಿಯಿತು, ಮೂವತ್ಮೂರು, ಇಪ್ಪತ್ತೆಂಟು,
ಇಪ್ಪತ್ತನಾಲ್ಕರ ಹೊಸ್ತಿಲಿಗೆ ಬಂದು ನಿಂತಿತು.
ಎಡಗಡೆ ಬೋಲ್ಟಿನ ಕೆಳಗೆ ಕೆಂಪು,
ಖಾಜಾನ ಬೆಸುಗೆಯ ಗಾಯದ ಮೇಲೆಯೇ.

"ಇನ್ನೂ ದಪ್ಪ ಹಾಕ್ಲ್ಯಾ?"
ಬೇಡ, ಮೆತ್ತಗಿನದು ಬೇಕು.
"ಮೆತ್ತಗಿದ್ದದ್ದು ಹ್ಯಾಂಗ ತಡೀತೈತ್ರಿ?"
ತಡೆಯುವುದಿಲ್ಲ ಖಾಜಾಸಾಬ, ಕೇಳಿಸಿಕೊಂಡು ಸುಮ್ಮನಿರುತ್ತದೆ.

ಮೋಟರಿನ ಪಾದಗಳಡಿ ನಾಲ್ಕು ರಬ್ಬರು ಗುಂಡಿ.
ಅವುಗಳ ನಡುಕ ಒಂಬತ್ತು.
ಗುಂಡಿ ಒತ್ತಿದರು. ಬೆಲ್ಟು ಓಡಿತು.
ಬ್ರಾಕೆಟ್ಟಿನ ಮೇಲಿಟ್ಟ ಚಹಾದ ಗ್ಲಾಸಿನಲ್ಲಿ
ಕೆನೆ ಕೂಡ ಸುಕ್ಕಾಗಲಿಲ್ಲ.
ಸಾಹುಕಾರರು ನಕ್ಕರು. ನಾನೂ.

ನಿಲ್ಲಿಸುವಾಗ ಮೋಟರು ನಿಧಾನಿಸುತ್ತ
ಇಪ್ಪತ್ತು, ಹದಿನೈದು, ಹನ್ನೊಂದು...
ಒಂಬತ್ತನ್ನು ದಾಟುವ ಆ ಒಂದು ಗಳಿಗೆ
ಮೈತುಂಬ ಜಗ್ಗಿತು.
ಗ್ಲಾಸು ಉರುಳಿ ಚಹಾ ಖಾಜಾನ ಅಂಗೈಗೆ.

ಗೆರೆಯಲ್ಲಿ ಆ ಗುಡ್ಡ ಕಂಡಿತ್ತು ನನಗೆ, ಹೇಳಿರಲಿಲ್ಲ.
ಸಣ್ಣದು ಅಂದುಕೊಂಡಿದ್ದೆ.
ಎಲ್ಲರೂ ನನ್ನತ್ತ ನೋಡುವಾಗ
ಹುಲಿಗೆಮ್ಮ ಪೊರಕೆಗೆ ಒರಗಿ ಅಂದಳು:
"ಏನೂ ಆಗಿಲ್ಲ ಬಿಡ್ರಿ.
ಕೂಸು ನಿದ್ದಿಗೆ ಜಾರೋ ಮುಂದ
ಒಮ್ಮಿ ಹಿಂಗ ಜಗ್ಗತೈತಿ."