ಎಂಟು ಸಾಲು

ಫ್ಲೋರಿನ್ ಲೋಬೋ ಅದನ್ನು ತಂದದ್ದು
ರೇಷನ್ ಚೀಲದಲ್ಲಿ, ಟವೆಲು ಸುತ್ತಿ,
ಬಿಸಿ ಕುಕ್ಕರ್ ತಂದ ಹಾಗೆ.
ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆ, ನನ್ನ ಅಂಗಡಿಗೆ ಮೂರು ಮೆಟ್ಟಿಲು;
ಎಣಿಸಿಕೊಂಡು ಹತ್ತಿದರು.
"ಕೆಟ್ಟಿಲ್ಲ ಮಗಾ, ಕಾಣಿಸ್ತಿಲ್ಲ ಅಷ್ಟೆ."

ಇಪ್ಪತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ,
ಈ ವ್ಯತ್ಯಾಸಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ.

ಮಡಿಲಗಲದ ಕಂಪ್ಯೂಟರ್. ನಾಲ್ಕು ಪೆನ್ಸಿಲ್ ಸೆಲ್ಲು.
ಮೇಲೊಂದು ಗಾಜಿನ ಪಟ್ಟಿ: ಎಂಟು ಸಾಲು,
ಸಾಲಿಗೆ ನಲವತ್ತು ಅಕ್ಷರ.
ಸ್ವಂತ ಬೆಳಕಿಲ್ಲ ಅದಕ್ಕೆ.
ಬೆನ್ನಿಗೆ ಬೂದು ಕನ್ನಡಿ ಅಂಟಿಸಿಕೊಂಡು
ಎದುರು ಕೂತವರ ಬೆಳಕನ್ನೇ ಕೈಗಡ ಪಡೆದು
ಅವರಿಗೇ ಹಿಂತಿರುಗಿಸುತ್ತಿತ್ತು,
ನಡುವೆ ಅಕ್ಷರ ಇಟ್ಟು.

ಕ್ಯೂರಿಂಗ್ ವರ್ಕ್ಸಿನ ರುಚಿಕೋಣೆಯಲ್ಲಿ
ಉತ್ತರದ ಕಿಟಕಿಯ ಕೆಳಗೆ ಇದರ ಮೇಜಂತೆ.
ಚಮಚದ ಕಾಫಿ ಸುರ್ರನೆ ಎಳೆದು, ಉಗಿದು,
ಒಂದೇ ಬೆರಳಲ್ಲಿ ಒತ್ತುತ್ತಿದ್ದರು
ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:
ಲಾಟ್ ೧೧೭. ಹುಳಿ ಸರಿ. ಹಿಂದೆ ಒದ್ದೆ ಗೋಣಿ.
ಲಾಟ್ ೧೧೮. ಯಾರೋ ಬೆಳ್ಳುಳ್ಳಿ ಪಕ್ಕ ಇಟ್ಟಿದ್ದಾರೆ.
ಮೂರರ ಮೇಲೆ ಮೋಡ ಮುಚ್ಚಿದರೆ
ಮೇಜನ್ನೇ ಕಿಟಕಿಗೆ ದೂಡುವುದು.
ಕರೆಂಟು ಹೋದರೆ ಗದ್ದದಡಿಗೆ ಟಾರ್ಚು ಅವಚಿ...
"ನಾಲಿಗೆಗೆ ಬೆಳಕು ಬೇಡ. ಬರೆಯೋಕೆ ಬೇಕು ನೋಡು."

ಈಗ ಕಣ್ಣಿಗೆ ಪೊರೆ.
ಒಂದರ ಆಪರೇಷನ್ ಆಗಿದೆ,
ಇನ್ನೊಂದಕ್ಕೆ ಸಕ್ಕರೆ ಇಳಿಯಬೇಕು. ಇಳಿಯುತ್ತಿಲ್ಲ.

ಬಿಚ್ಚಿದೆ.
ನೆನಪು ಹಿಡಿದಿಟ್ಟ ಗುಂಡಿಯಷ್ಟು ಬ್ಯಾಟರಿ
ಸೋರಿ, ಹಸಿರು ಪಾಚಿ ಕಟ್ಟಿತ್ತು.
ಅದನ್ನು ಕಿತ್ತರೆ ಲಾಟುಗಳೆಲ್ಲ ಹೋದವು.
ಪಕ್ಕದಲ್ಲಿ ಇನ್ನೊಂದನ್ನು ಬೆಸೆದು, ಆಮೇಲೆ ಹಳೆಯದನ್ನು ಕತ್ತರಿಸಿದೆ,
ನಿದ್ದೆಯ ಮಗುವನ್ನು ಮಡಿಲಿಂದ ಮಡಿಲಿಗೆ
ದಾಟಿಸಿದ ಹಾಗೆ.

ಆಮೇಲೆ ಕನ್ನಡಿ.
ಹೇರ್ ಡ್ರೈಯರಿನ ಬಿಸಿ, ಮೂಲೆಗೆ ಬ್ಲೇಡು.
ಹಪ್ಪಳದಂಥ ಗಾಜು.
ಅವಸರಿಸಿದರೆ ಚಟ್ ಅನ್ನುತ್ತದೆ,
ಆ ಸದ್ದಿಗೆ ಮದ್ದಿಲ್ಲ.
ಒಂದೂವರೆ ಗಂಟೆ ಉಸಿರನ್ನೂ ಲೆಕ್ಕ ಹಾಕಿ ಬಿಟ್ಟೆ.
ಎದುರು ಬೇಕರಿಯ ಪುಟ್ಟಲಿಂಗ ಟೀ ತಂದಿಟ್ಟ,
ಆರಿದ ಮೇಲೆ ಅವನೇ ಒಯ್ದ.

ಹಿಂದಕ್ಕೆ ಏನಿಡುವುದು?
ನಾಮಫಲಕದ ಅಂಗಡಿಯ ಅಕ್ರಿಲಿಕ್ ಚೂರು;
ಅಂಚಿನಲ್ಲಿ ಯಾವುದೋ ಡಾಕ್ಟರ ಅರ್ಧ ಹೆಸರಿತ್ತು,
ಉಜ್ಜಿ ತೆಗೆದೆ.
ಬದಿಗೆ ಎಲ್‌ಇಡಿ ಸಾಲು.
ಬೆಳಕು ಒಂದೇ ಕಡೆ ಗುಡ್ಡೆ ಬೀಳದಂತೆ
ಪುಟ್ಟಲಿಂಗನ ಬೆಣ್ಣೆ ಕಾಗದ ಒಂದು ಪದರ, ಸಾಲಲಿಲ್ಲ, ಎರಡು.
ಕಡೆಗೆ, ಸತ್ತ ಲ್ಯಾಪ್‌ಟಾಪಿನಿಂದ ಸುಲಿದ ಹಾಳೆ.
ಬೆಳಕಿಗೆ ಬಾಚಣಿಗೆ ಅದು,
ಹಿಡಿದ ದಿಕ್ಕಿಗೇ ಬಾಚುತ್ತದೆ.

ಸ್ವಿಚ್ ಒತ್ತಿದೆ.
ಉಲ್ಟಾ!
ನೆಲವೆಲ್ಲ ಕಪ್ಪು, ಅಕ್ಷರ ಬೆಳ್ಳಗೆ.
ಹಾಳೆ ಕಾಲು ಸುತ್ತು ತಪ್ಪಿತ್ತು.
ನಾಲಿಗೆ ಕಚ್ಚಿ, "ತಿರುಗಿಸ್ತೀನಿ ಬಾಯಿ" ಎಂದು
ಬ್ಲೇಡು ಎತ್ತಿದರೆ ಮಣಿಕಟ್ಟು ಹಿಡಿದರು.
"ಬೇಡ. ಬಿಳಿ ಚುಚ್ಚುತ್ತೆ ನಂಗೆ. ಹಿಂಗೇ ಇರಲಿ."

ಮೂಗು ತಾಗಿಸದೆ ಓದಿದರು, ಗಟ್ಟಿಯಾಗಿ,
ಮೊದಲ ಪಾಠ ಒಪ್ಪಿಸುವವರಂತೆ:
ಲಾಟ್ ೨೦೪. ಶುದ್ಧ. ಕಡೆಯಲ್ಲಿ ಬೆಲ್ಲದ ನೆನಪು.
ನಿಲ್ಲಿಸಿದರು.
"ಇದು ಸುಳ್ಳು ಮಗಾ.
ಆ ವಾರ ಪೂರ್ತಿ ನೆಗಡಿ ನಂಗೆ.
ಒಂದೂ ಗೊತ್ತಾಗಿರ್ಲಿಲ್ಲ, ಸುಮ್ಮನೆ ಬರೆದೆ."
ನಕ್ಕರು. ಆಮೇಲೆ ನಗಲಿಲ್ಲ.
ಬಾಣದ ಗುರುತಿನ ಕೀ ಒತ್ತುತ್ತ
ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದರು.
ಗಲ್ಲದ ಮೇಲೆ ನೀಲಿ ಬೆಳಕು.

ಸೆಲ್ಲು ಮೊದಲು ವಾರ ಬರುತ್ತಿತ್ತು,
ಇನ್ನು ಒಂದು ಸಂಜೆ ಎಂದೆ.
"ಸಾಕು, ನನಗೂ ಅಷ್ಟೇ ಬರೋದು."

ಹೋದರು. ಮೆಟ್ಟಿಲು ಎಣಿಸಿದ್ದು ಕೇಳಿಸಿತು.
ಇನ್ನು ಅವರು ಎತ್ತ ಮುಖ ಮಾಡಿದರೂ ಅದಕ್ಕೆ ಒಂದೇ.
ಕಿಟಕಿ ಬೇಕಿಲ್ಲ, ಮೇಜು ದೂಡುವವರು ಬೇಕಿಲ್ಲ.
ಇದನ್ನು ರಿಪೇರಿ ಅನ್ನಬಹುದೋ ಏನೋ.

ಸುಲಿದ ಕನ್ನಡಿ ಕೌಂಟರಿನ ಮೇಲೆ
ಸುರುಳಿ ಸುತ್ತಿಕೊಂಡು ಬಿದ್ದಿತ್ತು.
ಬಿಡಿಸಿ ಹಿಡಿದೆ.
ಕಡೂರು ಬಸ್ಸಿನ ದೀಪ
ಅದರ ಮೇಲೆ ಹಾದುಹೋಯಿತು,
ಅಕ್ಷರವಿಲ್ಲದೆ.