ಬಿರಡೆ

ಕೋಳಿಯ ಚಿತ್ರ ಇನ್ನೂ ಪೂರ್ತಿ ಮಾಸಿಲ್ಲ.
ಮೊದಲದು ಫ್ರೋಜನ್ ಕೋಳಿ ಸಾಗಿಸುತ್ತಿದ್ದ ಡಬ್ಬ.
ರೂವಿಯ ಗ್ಯಾರೇಜಿನಲ್ಲಿ ಎರಡು ಶುಕ್ರವಾರ ಕೂತು
ನಾನೂ ಲಾದ್ರುವೂ ಅದಕ್ಕೆ ಕಿಟಕಿ ಕೊರೆದೆವು,
ಹಲಗೆಯ ಮೂರು ಮಂಚ, ಒಂದು ಗ್ಯಾಸ್ ಒಲೆ,
ಮೊಳೆಗೆ ನೇತುಹಾಕಿದ ಬಾಣಲೆ.
ಪಿಕಪ್ಪಿನ ಬೆನ್ನಿಗೇರಿಸಿ ಬೋಲ್ಟು ಬಿಗಿದ ಮಧ್ಯಾಹ್ನ
ಬಿಸಿಲೇರಿದ ಹಾಗೆ ಹಳೇ ಕೋಳಿಗಳ ವಾಸನೆ
ಮೆಲ್ಲಗೆ ಎದ್ದು ಬಂತು.
"ಮನೆ ಅಂದಮೇಲೆ ಹಿಂದಿನವರದ್ದು ಸ್ವಲ್ಪ ಇರ್ತದೆ ಮಾರಾಯ"
ಅಂದ ಲಾದ್ರು.

ಹಿಂದೆ, ಟ್ರೇಲರಿನಲ್ಲಿ, ದೋಣಿ.
ದೋಣಿ ಅರಬಾಬನದು,
ಪರವಾನಗಿ ಅವನ ಮಗ ಹಮ್ದಾನನ ಹೆಸರಲ್ಲಿ.
ನಿಜ್ವಾದ ಹುಡುಗ. ಬೆಟ್ಟದ ಬುಡ, ಖರ್ಜೂರದ ತೋಟ,
ಕಾಲುವೆ ನೀರು ಯಾರ ಪಾಲಿಗೆ ಎಷ್ಟು ಗಳಿಗೆ
ಎಂಬ ಲೆಕ್ಕ ಬಾಯಿಪಾಠ.
ಕಡಲನ್ನು ದಂಡೆಯಲ್ಲಿ ನಿಂತು ನೋಡಿದ್ದಷ್ಟೇ.
"ನೀನು ಮೀನುಗಾರರ ಮಗ, ನೀನು ಹೇಳು, ನಾನು ಕೇಳ್ತೇನೆ" ಅಂದ.
ಹೇಳಿದೆ. ದಾರಿಯುದ್ದಕ್ಕೂ ಹೇಳಿದೆ.
ಸೂರ್ ದಾಟುವಷ್ಟರಲ್ಲಿ ನಾನು ಒಮ್ಮೆ ಹಿಡಿದ ಅಂಜಲ್
ಮೂರಡಿಯಿಂದ ಐದಡಿಗೆ ಬೆಳೆದಿತ್ತು.

ಅಶ್ಖರಾ. ನವೆಂಬರಿನ ರಾತ್ರಿ.
ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ:
ಡೇರೆ, ಜನರೇಟರು, ಗಾಡಿಗೊಂದು ದೋಣಿ,
ದೋಣಿಗೊಬ್ಬ ನಾಯಕ.
"ಒಂದು ಜಾಗ ಹೆಸರಾಯಿತೋ,
ಸುದ್ದಿ ಮೊದಲು ಮೀನಿಗೆ ಮುಟ್ತದೆ"
ಅಂದ ಚಹಾದಂಗಡಿಯ ಕಾಸರಗೋಡಿನ ಮಮ್ಮುಂಞಿ,
ಚಿಲ್ಲರೆ ಎಣಿಸುತ್ತ.

ನಮ್ಮ ಕಡೆ ಸೂರ್ಯ ಇಳಿದು ಹೋಗುವುದು ಇದೇ ಕಡಲಿಗೆ.
ಇಲ್ಲಿ ಅದೇ ಕಡಲಿನಿಂದ ಎದ್ದು ಬರುತ್ತಾನೆ,
ಒದ್ದೆಯಾಗದೆ.
ನೋಡುತ್ತ ನಿಂತವನು ನಾನು,
ಸರದಿ ಬಂದಾಗ ಟ್ರೇಲರನ್ನು ಹಿಂದಕ್ಕೆ ನೂಕಿದೆ ನೀರಿಗೆ,
ಹಗ್ಗ ಬಿಚ್ಚಿದೆ, ಗತ್ತಿನಿಂದ ಜಿಗಿದೆ.

ಪಾದ ತಣ್ಣಗಾಯಿತು.
ಆಮೇಲೆ ಕಣಕಾಲು.

ದೋಣಿಯ ತಳದಲ್ಲಿ ಒಂದು ತೂತಿರುತ್ತದೆ,
ಮಳೆನೀರು ಬಸಿದು ಹೋಗಲಿಕ್ಕೆ.
ಅದಕ್ಕೊಂದು ಹಿತ್ತಾಳೆ ಬಿರಡೆ ಇರುತ್ತದೆ.
ಅದು ರೂವಿಯಲ್ಲಿತ್ತು, ಗ್ಯಾರೇಜಿನ ಕಿಟಕಿಯ ಅಂಚಿಗೆ,
ಕಳೆಯಬಾರದೆಂದು ನಾನೇ ಜೋಪಾನವಾಗಿ
ಚಹಾದ ಲೋಟದಲ್ಲಿ ಹಾಕಿಟ್ಟದ್ದು.

"ನೀರಿಗಿಳಿಸುವ ಮೊದಲು ತಳ ತಡವು, ಆಮೇಲೆ ದೇವರ ಹೆಸರು"
ಎನ್ನುತ್ತಿದ್ದ ನನ್ನಜ್ಜ ಬೂದ ಮೆಂಡನ್.
ನಾನು ದೇವರ ಹೆಸರು ಹೇಳಿದ್ದೆ.

ಹಿಂದೆ ಹನ್ನೆರಡು ಗಾಡಿಗಳ ಹಾರ್ನು.
ಲಾದ್ರು ಬಾಣಲೆಯಲ್ಲಿ ನೀರು ಮೊಗೆಯುತ್ತಿದ್ದ.
ಹಮ್ದಾನ್ ಏನೂ ಅನ್ನಲಿಲ್ಲ.
ಯಾರದೋ ರಾತ್ರಿಯ ಬೆಂಕಿಯ ಪಕ್ಕ
ಉರಿಯದೆ ಉಳಿದ ಖರ್ಜೂರದ ಗರಿಯ ಬುಡವೊಂದು.
ಅದನ್ನೆತ್ತಿಕೊಂಡು ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು
ಚೂರಿಯಿಂದ ಕೆತ್ತತೊಡಗಿದ,
ಒಮ್ಮೆ ಕೆತ್ತಿ ಒಮ್ಮೆ ಬೆರಳಲ್ಲಿ ಅಳೆದು,
ಹಾರ್ನುಗಳು ಬೇರೆ ಯಾರಿಗೋ ಎಂಬಂತೆ.
ತೂತಿಗಿಟ್ಟು ಕಲ್ಲಿನಿಂದ ಎರಡು ಪೆಟ್ಟು.
"ಒಣಗಿದೆ. ನೀರು ಕುಡಿಯಲಿ.
ಕುಡಿದರೆ ಉಬ್ಬುತ್ತದೆ. ಸ್ವಲ್ಪ ತಾಳು."

ತಾಳಿದೆವು.
ಗುಳ್ಳೆ ಬಂತು, ಗುಳ್ಳೆ ನಿಂತಿತು.

ಆ ದಿನ ಕಡಲಲ್ಲಿ ಹಮ್ದಾನ್ ಮೂರು ಸಲ ವಾಂತಿ ಮಾಡಿದ.
ನಾನು ಲೆಕ್ಕವಿಲ್ಲದಷ್ಟು ಸಲ
ಬಗ್ಗಿ ಹೆಬ್ಬೆರಳಲ್ಲಿ ಅದನ್ನು ಒತ್ತಿ ನೋಡಿದೆ.
ಸಿಕ್ಕಿದ್ದು ಅಂಗೈಯುದ್ದದ ನಾಲ್ಕು ಶೇರಿ,
ಮತ್ತೊಂದು ಗಾಳಿ ತುಂಬಿಕೊಂಡು
ನಮ್ಮನ್ನೇ ದುರುಗುಟ್ಟಿದ ಮುಳ್ಳುಮೀನು. ಬಿಟ್ಟೆವು.
ರಾತ್ರಿ ಕೋಳಿಯ ಮನೆಯಲ್ಲಿ ಮೀನು ಹುರಿದೆವು.
ವಾಸನೆಗಳ ಜಗಳದಲ್ಲಿ ಕೋಳಿಯೇ ಗೆದ್ದಿತು.

ಈಗ ರೂವಿಯಲ್ಲಿ ನಾನು ಕತೆ ಹೇಳುತ್ತೇನೆ.
ನಾಲ್ಕು ಶೇರಿ ಸೋಮವಾರ ಹನ್ನೊಂದಾದವು,
ಗುರುವಾರ ಅದರಲ್ಲೊಂದು ಹಮ್ಮೂರ್ ಆಯಿತು.
ಬಿರಡೆಯ ಕತೆ ಹೇಳುವವನು ಲಾದ್ರು.
ಎಷ್ಟು ಸಲ ಹೇಳಿದರೂ ಅದು
ಹೆಬ್ಬೆರಳಿಗಿಂತ ಒಂದು ನೂಲೂ ಬೆಳೆಯುವುದಿಲ್ಲ.
ಅವನು ಶುರುಮಾಡಿದ ಕೂಡಲೇ
ನಾನು ಎದ್ದು
ಎಲ್ಲರಿಗೂ ಚಹಾ ತರಲು ಹೋಗುತ್ತೇನೆ.